28 ಕೋಟಿ ವರ್ಷದ ಹಲ್ಲಿಗೆ ಬಳಿದ ಬಣ್ಣ

ಇಟಲಿಯ ಆಲ್ಪ್ಸ್ ಬೆಟ್ಟಸಾಲಿನಲ್ಲಿ 1931ರಲ್ಲಿ ಒಂದು ಕಲ್ಲಿನ ಹಲಗೆ ಸಿಕ್ಕಿತು. ಅದರ ಮೇಲೆ ಒಂದು ಗೇಣುದ್ದದ ಹಲ್ಲಿಯಂಥ ಪ್ರಾಣಿ ಕೈಕಾಲು ಚಾಚಿ ಬಿದ್ದಿತ್ತು. ಎಲುಬಿಗಿಂತ ಹೆಚ್ಚಾಗಿ ಕಣ್ಣಿಗೆ ಬೀಳುತ್ತಿದ್ದದ್ದು ಮೈಯ ಆಕಾರ. ಕತ್ತು, ಸೊಂಟ, ಬಾಲದ ಅಂಚೆಲ್ಲ ಕಪ್ಪಗೆ, ನಿಚ್ಚಳವಾಗಿ ಮೂಡಿತ್ತು. 1959ರಲ್ಲಿ ಪಿಯೆರೊ ಲಿಯೊನಾರ್ಡಿ ಅದಕ್ಕೆ ಟ್ರಿಡೆಂಟಿನೊಸಾರಸ್ ಎಂದು ಹೆಸರಿಟ್ಟರು. ಪ್ರಾಯ 28 ಕೋಟಿ ವರ್ಷ. ಡೈನೋಸಾರ್‌ಗಳು ಹುಟ್ಟುವುದಕ್ಕೂ ನಾಲ್ಕು ಕೋಟಿಗೂ ಹೆಚ್ಚು ವರ್ಷ ಮೊದಲಿನದು. ಆ ಕಪ್ಪು, ಇಂಗಾಲವಾಗಿ ಉಳಿದ ಚರ್ಮವೆಂದು ದಶಕಗಳ ಕಾಲ ಎಲ್ಲರೂ ನಂಬಿದ್ದರು.

ವ್ಯಾಲೆಂಟಿನಾ ರೊಸ್ಸಿ ಮತ್ತು ಸಂಗಡಿಗರು ಅದನ್ನು ಮತ್ತೆ ಕೈಗೆತ್ತಿಕೊಂಡು 2024ರಲ್ಲಿ ಫಲಿತಾಂಶ ಪ್ರಕಟಿಸಿದರು. ಇಂಥ ತಪಾಸಣೆ ಶುರುವಾಗುವುದು ವಸ್ತುವನ್ನು ಮುಟ್ಟದೆ, ನೇರಳಾತೀತ ಬೆಳಕಿನಿಂದ. ಕಲ್ಲು, ಎಲುಬು, ಅಂಟು, ವಾರ್ನಿಷ್ ಇವೆಲ್ಲ ಆ ಬೆಳಕಿಗೆ ಬೇರೆ ಬೇರೆ ಬಗೆಯಲ್ಲಿ ಹೊಳೆಯುತ್ತವೆ. ಹಗಲು ಬೆಳಕಿನಲ್ಲಿ ಒಂದೇ ಆಗಿ ಕಂಡ ಮೇಲ್ಮೈಯಲ್ಲಿ ಮನುಷ್ಯನ ಕೈ ಎಲ್ಲೆಲ್ಲಿ ಆಡಿದೆ ಎಂಬುದು ಆಗ ಬಯಲಾಗುತ್ತದೆ. ಈ ಹಲ್ಲಿಯ ಇಡೀ ಮೈ ಹಳದಿಯಾಗಿ ಹೊಳೆಯಿತು. ಏನನ್ನೋ ಲೇಪಿಸಲಾಗಿತ್ತು.

ಅಷ್ಟಕ್ಕೇ ತೀರ್ಪು ಕೊಡುವಂತಿರಲಿಲ್ಲ. ಹಳೆಯ ಕಾಲದ ಸಂಗ್ರಹಾಲಯಗಳಲ್ಲಿ ಪಳೆಯುಳಿಕೆ ಸವೆಯದಿರಲೆಂದು ವಾರ್ನಿಷ್ ಹಚ್ಚುವುದು ರೂಢಿಯಾಗಿತ್ತು. ಲೇಪದ ಕೆಳಗೆ ನಿಜವಾದ ಚರ್ಮ ಇರಬಾರದೇಕೆ? ತಂಡಕ್ಕೂ ಆ ಆಸೆಯಿತ್ತು. ಹಾಗಾಗಿ ಕಣದಷ್ಟು ಪುಡಿ ತೆಗೆದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು, ಅದರ ರಾಸಾಯನಿಕ ಗುರುತನ್ನೂ ಅಳೆದರು. ನಿಜವಾದ ಚರ್ಮ ಅಥವಾ ಗರಿಯ ಕಪ್ಪು ಗುರುತಿನಲ್ಲಿ ಬಣ್ಣದ ಜೀವಕೋಶಗಳ ಸೂಕ್ಷ್ಮ ಚೀಲಗಳು ಸಿಗುವುದುಂಟು. ಇಲ್ಲಿ ಸಿಕ್ಕಿದ್ದು ಎಲುಬು ಸುಟ್ಟು ತಯಾರಿಸುವ ಕಪ್ಪು ಬಣ್ಣಕ್ಕೆ ಹೊಂದುವ ಪುಡಿ. ಚಿತ್ರಕಾರರು ಬಳಸುವಂಥದ್ದು! ಹಿಂಗಾಲಿನ ಎಲುಬುಗಳೂ ಬೆನ್ನಿನ ಮೇಲಿನ ಸಣ್ಣ ಎಲುಬಿನ ಹುರುಪೆಗಳೂ ಮಾತ್ರ ಅಸಲಿ.

ಸಂಶಯ ಮೊದಲು ಹುಟ್ಟಬೇಕಾದದ್ದು ಎಲ್ಲಿ? ಸತ್ತ ಪ್ರಾಣಿ ಕೊಳೆಯುತ್ತದೆ, ಅದು ನಿಯಮ. ಕೊಳೆಯದೆ ಉಳಿಯಿತು ಎನ್ನುವವರು ಕಾರಣ ಕೊಡಬೇಕು. ಆಮ್ಲಜನಕವಿಲ್ಲದ ನಯವಾದ ಕೆಸರು, ಮರದ ರಾಳ, ಎಂದೂ ಕರಗದ ಹಿಮನೆಲ, ಹೀಗೆ ಕೆಲವೇ ದಾರಿಗಳಿವೆ, ಪ್ರತಿಯೊಂದಕ್ಕೂ ಒಂದು ಮಿತಿಯಿದೆ. ಹಿಮನೆಲದಲ್ಲಿ ಮಾಂಸ, ಚರ್ಮ ಹತ್ತಾರು ಸಾವಿರ ವರ್ಷ ಉಳಿದದ್ದು ನಿಜ. ಸೈಬೀರಿಯಾದ ಯಮಾಲ್‌ನಲ್ಲಿ 2007ರಲ್ಲಿ ಹಿಮಸಾರಂಗ ಸಾಕುವವರೊಬ್ಬರಿಗೆ ಸಿಕ್ಕ ಮ್ಯಾಮತ್ ಮರಿ ‘ಲ್ಯೂಬಾ’ ಸುಮಾರು 42,000 ವರ್ಷ ಹಳೆಯದು. ಅದರ ಮೈಯಲ್ಲಿ ಬೆಳೆದ ಬ್ಯಾಕ್ಟೀರಿಯಾಗಳು ಲ್ಯಾಕ್ಟಿಕ್ ಆಮ್ಲ ಬಿಟ್ಟು ಅದನ್ನು ಉಪ್ಪಿನಕಾಯಿಯಂತೆ ಕೆಡದೆ ಉಳಿಸಿದವೆಂದು ಪರೀಕ್ಷಿಸಿದವರ ಅಭಿಪ್ರಾಯ. ಇಷ್ಟಾದರೂ ಅದರ ಕೂದಲು ಬಹುಪಾಲು ಉದುರಿಹೋಗಿತ್ತು. ಸಿಕ್ಕ ಮೇಲೆ ಬೀದಿನಾಯಿಗಳು ಕಿವಿ, ಬಾಲ ಕಡಿದದ್ದು ಬೇರೆ. ಅಸಲಿ ವಸ್ತುಗಳಲ್ಲಿ ಇಂಥ ಊನ ಇದ್ದೇ ಇರುತ್ತದೆ.

ಆದ್ದರಿಂದ ‘ಮಾಂಸ ಸಮೇತ ಡೈನೋಸಾರ್ ಪತ್ತೆ, ಕಾರ್ಬನ್ ಪರೀಕ್ಷೆಗೆ ರವಾನೆ’ ಎಂಬ ಸುದ್ದಿ ಮೊಬೈಲಿಗೆ ಬಂದರೆ ಮುಂದೆ ಓದುವ ಅಗತ್ಯವಿಲ್ಲ. ಇಂಗಾಲ-14 ಪರೀಕ್ಷೆ ಕೆಲಸಕ್ಕೆ ಬರುವುದು ಸುಮಾರು 50,000 ವರ್ಷದವರೆಗೆ. ಹಕ್ಕಿಗಳ ವಂಶವೊಂದನ್ನು ಬಿಟ್ಟರೆ ಡೈನೋಸಾರ್‌ಗಳು ಅಳಿದು 6.6 ಕೋಟಿ ವರ್ಷವಾಯಿತು.

ಡಿಎನ್‌ಎ ಕಥೆಯೂ ಇಂಥದ್ದೇ. 1994ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ 8 ಕೋಟಿ ವರ್ಷದ ಎಲುಬಿನಿಂದ ಡಿಎನ್‌ಎ ತೆಗೆದೆವೆಂಬ ಲೇಖನ ಬಂತು. ‘ಜುರಾಸಿಕ್ ಪಾರ್ಕ್’ ಸಿನಿಮಾ ಬಂದ ಮರುವರ್ಷ, ಜನ ನಂಬಲು ತುದಿಗಾಲಲ್ಲಿ ನಿಂತಿದ್ದರು. ಉಳಿದ ವಿಜ್ಞಾನಿಗಳು ಹೋಲಿಸಿ ನೋಡಿದಾಗ ಅದು ಮನುಷ್ಯರ ಡಿಎನ್‌ಎ ಎಂದು ತಿಳಿಯಿತು. ಒಂದು ಸೀನು, ಒಂದು ಬೆರಳಿನ ಸ್ಪರ್ಶ ಸಾಕು, ಮಾದರಿ ಕೆಡುತ್ತದೆ. ನ್ಯೂಜಿಲೆಂಡಿನ ಮೋವಾ ಹಕ್ಕಿಯ ಎಲುಬುಗಳನ್ನು ಅಳೆದು 2012ರಲ್ಲಿ ಲೆಕ್ಕ ಹಾಕಿದಂತೆ, ಮೈನಸ್ 5 ಡಿಗ್ರಿಯ ಚಳಿಯಲ್ಲಿಟ್ಟರೂ ಸುಮಾರು 68 ಲಕ್ಷ ವರ್ಷಗಳಲ್ಲಿ ಡಿಎನ್‌ಎಯ ಕೊಂಡಿಗಳೆಲ್ಲ ಕಳಚಿಹೋಗುತ್ತವೆ.

ಇಲ್ಲಿ ಯಾರೂ ಮೋಸ ಮಾಡಿರಲಿಲ್ಲ ಎಂಬುದನ್ನು ಗಮನಿಸಬೇಕು. ಅಮೆರಿಕದ ದಕ್ಷಿಣ ಡಕೋಟಾದಲ್ಲಿ ಸಿಕ್ಕ ‘ವಿಲೊ’ ಎಂಬ ಡೈನೋಸಾರ್‌ನ ಎದೆಗೂಡಿನಲ್ಲಿ ಹೃದಯವೇ ಉಳಿದಿದೆ ಎಂದು 2000ದಲ್ಲಿ ದೊಡ್ಡ ಸುದ್ದಿಯಾಗಿತ್ತು. 2011ರ ಮರುಪರೀಕ್ಷೆಯಲ್ಲಿ ಆ ಹೃದಯ, ಕಬ್ಬಿಣದ ಅಂಶದಿಂದ ಗಟ್ಟಿಯಾದ ಮರಳಿನ ಉಂಡೆಯಾಗಿ ಕಂಡಿತು. ಆಸೆಯಿಂದ ನೋಡುವ ಕಣ್ಣಿಗೆ ಮರಳೂ ಹೃದಯವಾಗುತ್ತದೆ. ನನಗಂತೂ ಬೇಕೆಂದು ಮಾಡಿದ ನಕಲಿಗಿಂತ ಈ ಬಗೆಯದೇ ಹೆಚ್ಚು ಅಪಾಯಕಾರಿ ಅನ್ನಿಸುತ್ತದೆ.

ಬೇಕೆಂದು ಮಾಡುವವರೂ ಇದ್ದಾರೆ. ಚೀನಾದ ಲಿಯಾವೊನಿಂಗ್ ಪ್ರಾಂತದ ರೈತರು ಹೊಲದಲ್ಲಿ ಕಲ್ಲು ಸೀಳಿ ಪಳೆಯುಳಿಕೆ ಮಾರುತ್ತಾರೆ. ತುಂಡಾದದ್ದಕ್ಕಿಂತ ಇಡಿಯಾದದ್ದಕ್ಕೆ ಬೆಲೆ ಜಾಸ್ತಿ, ಜೋಡಿಸುವ ಆಮಿಷ ಹುಟ್ಟುವುದು ಅಲ್ಲೇ. ಹಕ್ಕಿಯ ಮೈಗೆ ಡೈನೋಸಾರ್ ಬಾಲವಿದ್ದ ‘ಆರ್ಕಿಯೊರ‍್ಯಾಪ್ಟರ್’ 1999ರಲ್ಲಿ ಅಮೆರಿಕದಲ್ಲಿ 80,000 ಡಾಲರಿಗೆ ಮಾರಾಟವಾಯಿತು, ಅದೇ ವರ್ಷ ‘ನ್ಯಾಷನಲ್ ಜಿಯಾಗ್ರಫಿಕ್’ನಲ್ಲೂ ಮೆರೆಯಿತು. ಟೆಕ್ಸಾಸ್‌ನ ಟಿಮೊಥಿ ರೋ ಅದನ್ನು ಸಿಟಿ ಸ್ಕ್ಯಾನ್ ಮಾಡಿದಾಗ ಕಂಡದ್ದು 88 ತುಂಡುಗಳು. ಒಂದರ ಬಿರುಕು ಪಕ್ಕದ್ದಕ್ಕೆ ಮುಂದುವರಿಯುತ್ತಿರಲಿಲ್ಲ, ದಪ್ಪವೂ ಹೊಂದುತ್ತಿರಲಿಲ್ಲ. ಆ ಎಚ್ಚರಿಕೆ ಪತ್ರಿಕೆ ಅಚ್ಚಾಗುವ ಮೊದಲೇ ಸಿಕ್ಕಿತ್ತು ಎಂಬುದು ವಿಷಾದದ ಸಂಗತಿ. ಕೊನೆಗೆ ಸಾಕ್ಷಿ ಒದಗಿಸಿದವರು ಚೀನಾದ ಷು ಷಿಂಗ್. ಕಲ್ಲು ಸೀಳಿದಾಗ ಅದೇ ಅಚ್ಚಿನ ಎರಡು ಹಲಗೆ ಬರುತ್ತವಲ್ಲ, ಬಾಲದ ಎದುರು ಹಲಗೆ ಅವರಿಗೆ ಸಿಕ್ಕಿತು, ಅದರಲ್ಲಿ ಬಾಲವಿದ್ದದ್ದು ಬೇರೊಂದು ಪ್ರಾಣಿಗೆ.

ಅಂಬರ್‌ನ, ಅಂದರೆ ಕಲ್ಲಾದ ಮರದ ರಾಳದ, ಒಳಗಿನ ಕೀಟ ಕೊಳ್ಳುವ ಹಂಬಲವಿರುವವರಿಗೆ ಒಂದೆರಡು ಮಾತು. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲೇ ಒಂದು ನೊಣ ದಶಕಗಳ ಕಾಲ ಪಂಡಿತರನ್ನು ಏಮಾರಿಸಿತ್ತು. 1993ರಲ್ಲಿ ಆಂಡ್ರೂ ರಾಸ್ ಅದನ್ನು ನೋಡುತ್ತಿದ್ದಾಗ ಸೂಕ್ಷ್ಮದರ್ಶಕದ ದೀಪದ ಶಾಖಕ್ಕೆ ನೊಣದ ಸುತ್ತ ಬಿರುಕು ಮೂಡಿತು. ಅಂಬರನ್ನು ಎರಡು ಹೋಳು ಮಾಡಿ, ಕೊರೆದು, ಇಂದಿನ ನೊಣವನ್ನು ಕೂರಿಸಿ ಅಂಟಿಸಿದ್ದರು. ನಡುಮಧ್ಯದಲ್ಲಿ ರೆಕ್ಕೆ ಬಿಚ್ಚಿ ಚೆಂದಾಗಿ ಕುಳಿತ ದೊಡ್ಡ ಕೀಟವನ್ನು, ಚೇಳು ಹಲ್ಲಿಗಳನ್ನಂತೂ, ಅನುಮಾನದಿಂದಲೇ ನೋಡಿ. ಅಸಲಿ ಕೀಟಗಳು ಒದ್ದಾಡಿ ಸತ್ತವು, ಕಾಲು ಮುರಿದಿರುತ್ತದೆ, ಪಕ್ಕದಲ್ಲಿ ಕಸಕಡ್ಡಿ ಇರುತ್ತದೆ. ಉಗುರುಬಣ್ಣ ತೆಗೆಯುವ ಅಸಿಟೋನ್ ಒಂದು ಹನಿ ಮೂಲೆಗೆ ಹಾಕಿದಾಗ ಅಂಟಂಟಾದರೆ ಅದು ಎಳೆಯ ರಾಳ ಇಲ್ಲವೆ ಪ್ಲಾಸ್ಟಿಕ್. ಕಲ್ಲಿನಲ್ಲಿರುವ ಟ್ರೈಲೊಬೈಟ್ ಎಂಬ ಪುರಾತನ ಕಡಲಜೀವಿಯಾದರೆ ಭೂತಗನ್ನಡಿ ಹಿಡಿಯಿರಿ, ಸಣ್ಣ ಗುಳ್ಳೆಗಳ ಗುರುತು ಕಂಡರೆ ಅಚ್ಚಿನಲ್ಲಿ ಎರೆದದ್ದು.

ಇಷ್ಟೆಲ್ಲ ಪರೀಕ್ಷೆ ಸಾಧ್ಯವಾಗಲು ವಸ್ತು ಎಲ್ಲೋ ಒಂದು ಕಡೆ ಚೀಟಿ ಸಮೇತ ಉಳಿದಿರಬೇಕು. 1951ರ ಜನವರಿಯಲ್ಲಿ ನ್ಯೂಯಾರ್ಕಿನ ಎಕ್ಸ್‌ಪ್ಲೋರರ್ಸ್ ಕ್ಲಬ್‌ನವರು ತಮ್ಮ ವಾರ್ಷಿಕ ಔತಣದಲ್ಲಿ ಪ್ರಾಗೈತಿಹಾಸಿಕ ಮಾಂಸ ಬಡಿಸಿದರೆಂದು ಪ್ರಚಾರವಾಯಿತು. ಅಲ್ಯೂಷಿಯನ್ ದ್ವೀಪದ ಮಂಜಿನಲ್ಲಿ ಸಿಕ್ಕದ್ದೆಂದರು. ಮ್ಯಾಮತ್ ಎಂದರು ಕೆಲವರು, ದೈತ್ಯ ಸ್ಲಾತ್ ಎಂದರು ಇನ್ನು ಕೆಲವರು. ಊಟಕ್ಕೆ ಬರಲಾಗದ ಪಾಲ್ ಹೋವ್ಸ್ ಎಂಬ ಮ್ಯೂಸಿಯಂ ಅಧಿಕಾರಿಗೆ ಒಂದು ತುಂಡನ್ನು ಬಾಟಲಿಯಲ್ಲಿ ಹಾಕಿ ಕಳಿಸಿದ್ದರು. ಅದು ಮುಂದೆ ಯೇಲ್ ವಿಶ್ವವಿದ್ಯಾಲಯದ ಪೀಬಾಡಿ ಮ್ಯೂಸಿಯಂ ಸೇರಿತು. ಆ ತುಂಡಿನ ಡಿಎನ್‌ಎ ಪರೀಕ್ಷೆಯ ಫಲಿತಾಂಶ 2016ರಲ್ಲಿ ಹೊರಬಂತು: ಹಸಿರು ಕಡಲಾಮೆ. ಆ ರಾತ್ರಿಯ ಊಟದ ಪಟ್ಟಿಯಲ್ಲಿ ಆಮೆ ಸೂಪ್ ಕೂಡ ಇತ್ತು.