ಕ್ಲಚ್ ಇಲ್ಲದ ಕಾರು: ಹಳೆಯದು ಗಟ್ಟಿಯೋ, ಹೊಸದೋ?

ಪೇಟೆಯಲ್ಲಿ ಓಡಿದ ಸೆಕೆಂಡ್ ಹ್ಯಾಂಡ್ ಕಾರುಗಳು ಹಳ್ಳಿಗೂ ಬರುತ್ತವೆ. ಅವುಗಳಲ್ಲಿ ಕೆಲವಕ್ಕೆ ಕ್ಲಚ್ ಪೆಡಲ್ ಇರುವುದಿಲ್ಲ, ಗೇರ್ ತಾನಾಗಿ ಬದಲಾಗುತ್ತದೆ. ಇಂಥ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಹಳೆಯದಾದರೆ ಗಟ್ಟಿ, ಹೊಸದಾದರೆ ಬೇಗ ಕೆಡುತ್ತದೆ ಎಂಬ ಮಾತಿದೆ. ಇದು ಎಷ್ಟು ನಿಜ?

ಅಮೆರಿಕದ ಜನರಲ್ ಮೋಟರ್ಸ್ ಕಂಪನಿ 1964ರ ಮಾದರಿಯ ಕ್ಯಾಡಿಲಾಕ್ ಕಾರುಗಳಿಗೆ ಟರ್ಬೊ ಹೈಡ್ರಾಮ್ಯಾಟಿಕ್ 400 ಎಂಬ ಗೇರ್‌ಬಾಕ್ಸ್ ಅಳವಡಿಸಿತು. ಮುಂದಕ್ಕೆ ಮೂರೇ ಗೇರು. ಗಾಡಿಯ ವೇಗ ಏರಿದಂತೆ ಗವರ್ನರ್ ಎಂಬ ಭಾಗ ಎಣ್ಣೆಯ ಒತ್ತಡವನ್ನು ಏರಿಸುತ್ತದೆ. ಆ ಒತ್ತಡ ವಾಲ್ವನ್ನು ತಳ್ಳಿದಾಗ ಗೇರ್ ಬದಲಾಗುತ್ತದೆ. ಕಂಪ್ಯೂಟರಿನ ಮಾತೇ ಇಲ್ಲ. ಸವೆದರೆ ಗೇರ್ ಜಾರುತ್ತದೆ, ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬರುತ್ತದೆ. ಬಲ್ಲ ಮೆಕ್ಯಾನಿಕ್ ಬಿಚ್ಚಿ ಸೀಲು, ಪ್ಲೇಟು ಬದಲಿಸಿದರೆ ಮತ್ತೆ ಓಡುತ್ತದೆ. ಆದರೆ ಗೇರು ಕಡಿಮೆ, ಪೆಟ್ರೋಲ್ ಖರ್ಚು ಹೆಚ್ಚು.

ಜರ್ಮನಿಯ ಜೆಡ್‌ಎಫ್ ಕಂಪನಿ 2009ರಲ್ಲಿ ಎಂಟು ಗೇರಿನದನ್ನು ತಂದಿತು. ಇಲ್ಲಿ ಎಣ್ಣೆಯ ದಾರಿ ತೆರೆದು ಮುಚ್ಚುವುದು ಕಂಪ್ಯೂಟರ್ ಹೇಳಿದಂತೆ ನಡೆಯುವ ಸೊಲೆನಾಯ್ಡ್ ವಾಲ್ವುಗಳು. ಇಂಧನ ಉಳಿಯುತ್ತದೆ, ಓಟವೂ ನಯ. ಆದರೆ ಇಂಥವುಗಳಲ್ಲಿ ಒಂದು ಸೆನ್ಸರ್ ಅಥವಾ ವಯರ್ ಕೆಟ್ಟರೂ ಗಾಡಿ ಒಂದೇ ಗೇರಿನಲ್ಲಿ ಉಳಿಯಬಹುದು. ಗೇರ್‌ಬಾಕ್ಸೇ ಹೋಯಿತೆಂದು ಬಿಚ್ಚಿಸಿದರೆ ಹಣ ದಂಡ. ಮೊದಲು ಸ್ಕ್ಯಾನರ್ ಹಾಕಿ ದೋಷದ ಕೋಡ್ ಓದಿಸಬೇಕು.

ಇನ್ನೊಂದು ಬಗೆ ಎಎಂಟಿ. ನಮ್ಮ ದೇಶದಲ್ಲಿ ಇದು 2014ರಲ್ಲಿ ಮಾರುತಿ ಸೆಲೆರಿಯೊ ಕಾರಿನಿಂದ ಜನರಿಗೆ ಪರಿಚಯವಾಯಿತು. ಒಳಗಿರುವುದು ಮಾಮೂಲಿ ಗೇರ್‌ಬಾಕ್ಸು, ಮಾಮೂಲಿ ಕ್ಲಚ್ಚು. ಕ್ಲಚ್ ಒತ್ತಿ ಗೇರ್ ಹಾಕುವ ಕೆಲಸವನ್ನು ಮಾತ್ರ ಯಂತ್ರ ಮಾಡುತ್ತದೆ. ಘಟ್ಟದ ಏರಿನಲ್ಲಿ ಬ್ರೇಕ್ ಒತ್ತದೆ ಆಕ್ಸಿಲರೇಟರಿನಿಂದಲೇ ಗಾಡಿ ಹಿಡಿದು ನಿಂತರೆ ಕ್ಲಚ್ ಬೇಗ ಸವೆಯುತ್ತದೆ.

ಹಾಗಾದರೆ ಯಾವುದು ಗಟ್ಟಿ? ಹಳೆಯದರ ರೋಗ ಕಿವಿಗೆ, ಮೂಗಿಗೆ ಸಿಗುತ್ತಿತ್ತು. ಹೊಸದರ ರೋಗಕ್ಕೆ ಸ್ಕ್ಯಾನರ್ ಬೇಕು. ಸರಿಯಾದ ಆರೈಕೆ ಸಿಕ್ಕರೆ ಎರಡೂ ಬಾಳುತ್ತವೆ.

ಆದ್ದರಿಂದ ಕೊಳ್ಳುವ ಮುನ್ನ ಅದು ಯಾವ ಬಗೆಯದೆಂದು ಕೇಳಿ. ಅದನ್ನು ಬಲ್ಲ, ಸ್ಕ್ಯಾನರ್ ಇರುವ ಗ್ಯಾರೇಜು ಗಡಿಯ ಈಚೆಯೋ ಆಚೆಯೋ ಎಷ್ಟು ದೂರದಲ್ಲಿದೆ ನೋಡಿ. ಕೈಪಿಡಿಯಲ್ಲಿ ಹೇಳಿದ ಎಣ್ಣೆಯನ್ನೇ ಹಾಕಿಸಿ. ಟಾರ್ಕ್ ಕನ್ವರ್ಟರ್ ಇರುವ ಗಾಡಿ ಕೆಟ್ಟು ನಿಂತರೆ, ಎಂಜಿನ್ ತಿರುಗಿಸುವ ಚಕ್ರಗಳು ನೆಲದ ಮೇಲಿರುವಾಗ ಹಗ್ಗ ಕಟ್ಟಿ ದೂರ ಎಳೆಯಬೇಡಿ. ಎಣ್ಣೆಯ ಪಂಪು ಸಾಮಾನ್ಯವಾಗಿ ಎಂಜಿನ್ನಿನಿಂದ ನಡೆಯುತ್ತದೆ. ಎಂಜಿನ್ ನಿಂತಿದ್ದರೆ ಗೇರ್‌ಬಾಕ್ಸಿಗೆ ಎಣ್ಣೆ ಸಿಗದೆ ಒಳಭಾಗ ಉಜ್ಜಿಹೋಗುತ್ತದೆ. ಚಿಕ್ಕ ದೋಷ ಅಲ್ಲಿಗೆ ದೊಡ್ಡದಾಗುತ್ತದೆ. ಲಾರಿಯ ಮೇಲೆ ಏರಿಸಿ ಸಾಗಿಸುವ ಬಾಡಿಗೆ ಅದಕ್ಕಿಂತ ಅಗ್ಗ.