ಫೈಲ್ ಹುಟ್ಟಿದ್ದು ಯಾವಾಗ?

ನಮ್ಮ ವಾರ್ತಾಪತ್ರದ ಪ್ರಬಂಧ ಸ್ಪರ್ಧೆಗೆ ಬಂದ ಬರಹಗಳನ್ನು ಒಟ್ಟುಗೂಡಿಸುವ ಕೆಲಸ ಈ ಸಲ ನನ್ನ ಪಾಲಿಗೆ ಬಂದಿತ್ತು. ವಿಷಯ 'ನಮ್ಮ ತಾಲೂಕಿನ ಒಂದು ಸ್ಥಳ'. ಕೊನೆಯ ದಿನ 2026ರ ಜನವರಿ 10, ಶನಿವಾರ. ಬಂದ ಫೈಲ್‌ಗಳು ಒಟ್ಟು 23. ಸೋಮವಾರ ಬೆಳಿಗ್ಗೆ ಪೆನ್‌ಡ್ರೈವ್‌ನಿಂದ ಅವನ್ನೆಲ್ಲ ಲ್ಯಾಬ್‌ನ ಕಂಪ್ಯೂಟರಿಗೆ ನಾನೇ ಕಾಪಿ ಮಾಡಿದೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಅದರಲ್ಲಿ ಒಂದು ಪ್ರಬಂಧ ಬೆಳವಡಿಯ ಬಗ್ಗೆ, ಅಲ್ಲಿಯ ಮಲ್ಲಮ್ಮನ ಬಗ್ಗೆ ಇತ್ತು. ಬರೆದವನು ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುವ ನನ್ನ ಗೆಳೆಯ. ಓದಿದೆ, ತುಂಬ ಚೆನ್ನಾಗಿತ್ತು. ಅಷ್ಟು ಚೆನ್ನಾಗಿದ್ದದ್ದೇ ನನಗೆ ಸಂಶಯ ತಂದಿತು. ಇವನಿಗೆ ಮನೆಯಲ್ಲಿ ಕಂಪ್ಯೂಟರ್ ಇಲ್ಲ, ಇದನ್ನು ಯಾವಾಗ ಬರೆದ? ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ 'ಪ್ರಾಪರ್ಟೀಸ್' ತೆರೆದೆ. 'ಕ್ರಿಯೇಟೆಡ್' ಎಂಬಲ್ಲಿ ಜನವರಿ 12 ಎಂದಿತ್ತು. ಅಂದರೆ ಅವಧಿ ಮುಗಿದು ಎರಡು ದಿನದ ಮೇಲೆ! 'ಡೀಟೇಲ್ಸ್' ಪುಟಕ್ಕೆ ಹೋದೆ. ಲೇಖಕರು ಎಂಬಲ್ಲಿ ಬೇರೆ ಯಾರದೋ ಹೆಸರು.

ಎದುರಿಗೆ ನಾಲ್ಕು ಜನ ಇದ್ದರು. ಅವರ ಮುಂದೆಯೇ ಅವನನ್ನು ಕೇಳಿದೆ. ಕೇಳಿದೆ ಅನ್ನುವುದಕ್ಕಿಂತ ಹೇಳಿದೆ ಅನ್ನಬೇಕು. ಅವನು ಸಿಟ್ಟಾಗಲಿಲ್ಲ. "ನಾ ಗುರುವಾರನ ಬರದು ಮುಗಿಸೇನೋ. ಕಂಪ್ಯೂಟರ್ ಬ್ಯಾರೆ ಹೇಳತೈತಿ ಅಂದ್ರ ಅದನ್ನ ಇನ್ನೊಮ್ಮೆ ಸರಿಯಾಗಿ ಕೇಳ" ಅಂದು ಬಸ್ಸಿಗೆ ಹೋದ. ಮನೆಯಲ್ಲಿ ದಾದಿಗೆ ಹೇಳಿದರೆ ಅವರು ಒಂದೇ ಶಬ್ದ ಅಂದರು: "ಬದ್‌ಗುಮಾನಿ". ಪೂರ್ತಿ ನೋಡದೆ ಇನ್ನೊಬ್ಬರ ಬಗ್ಗೆ ಕೆಟ್ಟದ್ದನ್ನು ಊಹಿಸುವುದಕ್ಕೆ ನಮ್ಮ ಮನೆಯ ಮಾತಿನಲ್ಲಿ ಹಾಗೆನ್ನುತ್ತಾರೆ. ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಅದೇ ಪ್ರಾಪರ್ಟೀಸ್ ಮತ್ತೆ ತೆರೆದೆ. 'ಕ್ರಿಯೇಟೆಡ್' ಕೆಳಗೆ ಇನ್ನೊಂದು ಸಾಲು ಇತ್ತು, ಅದನ್ನು ನಾನು ಓದಿಯೇ ಇರಲಿಲ್ಲ. 'ಮಾಡಿಫೈಡ್': ಜನವರಿ 8. ಹುಟ್ಟಿದ್ದು 12ಕ್ಕೆ, ತಿದ್ದಿದ್ದು 8ಕ್ಕೆ! ಹುಟ್ಟುವ ಮೊದಲೇ ಯಾರಾದರೂ ಶಾಲೆಗೆ ಹೋಗುತ್ತಾರೆಯೇ? ಇಲ್ಲೇನೋ ಒಗಟಿದೆ ಅನ್ನಿಸಿತು. ಒಂದೊಂದೇ ಫೈಲ್ ತೆರೆದು ನೋಡುವ ಬದಲು ಇಡೀ ಫೋಲ್ಡರ್ ಓದುವ ಪ್ರೋಗ್ರಾಂ ಬರೆಯಲು ಕುಳಿತೆ.

ಪೈಥಾನ್‌ನಲ್ಲಿ ಇದಕ್ಕೆ ಹೊಸದೇನನ್ನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ. 'ಓಎಸ್' ಎಂಬ ಮಾಡ್ಯೂಲ್ ಅದರ ಜೊತೆಗೇ ಬರುತ್ತದೆ. ಅದರಲ್ಲಿ 'ಲಿಸ್ಟ್‌ಡಿರ್' ಎಂಬ ಫಂಕ್ಷನ್‌ಗೆ ಫೋಲ್ಡರ್ ದಾರಿ ಕೊಟ್ಟರೆ ಒಳಗಿರುವ ಎಲ್ಲ ಹೆಸರುಗಳ ಪಟ್ಟಿ ಕೊಡುತ್ತದೆ. 'ಸ್ಟಾಟ್' ಎಂಬ ಇನ್ನೊಂದು ಫಂಕ್ಷನ್‌ಗೆ ಒಂದು ಫೈಲ್ ಕೊಟ್ಟರೆ ಅದರ ಗಾತ್ರ, ಸಮಯ ಎಲ್ಲ ಹೇಳುತ್ತದೆ. ಒಂದು 'ಫಾರ್' ಲೂಪ್ ಹಾಕಿ ಎರಡನ್ನೂ ಸೇರಿಸಿದರೆ ಕೆಲಸ ಮುಗಿಯಿತು ಅಂದುಕೊಂಡೆ. ಮೊದಲ ಫೈಲ್‌ಗೇ 'ಫೈಲ್ ಸಿಗಲಿಲ್ಲ' ಎಂಬ ಎರರ್ ಬಂತು.

ಫೈಲ್ ಕಣ್ಣೆದುರಿಗೇ ಇದೆ, ಸಿಗಲಿಲ್ಲ ಅಂದರೆ ಹೇಗೆ? ಕಾರಣ ತಿಳಿಯಲು ಅರ್ಧ ತಾಸು ಹೋಯಿತು. 'ಲಿಸ್ಟ್‌ಡಿರ್' ಕೊಡುವುದು ಬರೀ ಹೆಸರು, ವಿಳಾಸವಲ್ಲ. ಬೈಲಹೊಂಗಲಕ್ಕೆ ಬರುವ ಪತ್ರದ ಮೇಲೆ 'ಮೆಹಬೂಬ' ಅಥವಾ 'ಬಸವರಾಜ' ಎಂದಷ್ಟೇ ಬರೆದರೆ ಪೋಸ್ಟ್‌ಮನ್ ಯಾವ ಓಣಿಗೆ ಹೋಗಬೇಕು? ಫೋಲ್ಡರ್ ದಾರಿಯನ್ನು ಹೆಸರಿನ ಹಿಂದೆ ಜೋಡಿಸಬೇಕು. ಅದಕ್ಕೆ 'ಪಾತ್.ಜಾಯಿನ್' ಇದೆ. ಇಲ್ಲವೆ 'ಲಿಸ್ಟ್‌ಡಿರ್' ಬದಲು 'ಸ್ಕ್ಯಾನ್‌ಡಿರ್' ಬಳಸಬಹುದು, ಅದು ಹೆಸರಿನ ಜೊತೆ ವಿಳಾಸವನ್ನೂ ಹಿಡಿದುಕೊಂಡೇ ಬರುತ್ತದೆ. ನಾನು ಈಗ ಅದನ್ನೇ ಬಳಸುತ್ತೇನೆ.

ಎರರ್ ಹೋದ ಮೇಲೆ ಸಮಯದ ಜಾಗದಲ್ಲಿ ಒಂದು ವಿಚಿತ್ರ ಸಂಖ್ಯೆ ಬಂತು: 1767870620. ಇದು 1970ರ ಜನವರಿ 1ರ ಮಧ್ಯರಾತ್ರಿಯಿಂದ ಎಷ್ಟು ಸೆಕೆಂಡ್ ಕಳೆದಿವೆ ಎಂಬ ಲೆಕ್ಕ. ಆ ಮಧ್ಯರಾತ್ರಿ ನಮ್ಮದಲ್ಲ, ಗ್ರೀನಿಚ್‌ನದು. 'ಡೇಟ್‌ಟೈಮ್' ಮಾಡ್ಯೂಲ್‌ಗೆ ಈ ಸಂಖ್ಯೆ ಕೊಟ್ಟರೆ ನಮ್ಮ ಗಡಿಯಾರಕ್ಕೆ ತಿರುಗಿಸಿಕೊಡುತ್ತದೆ: ಜನವರಿ 8, ಸಂಜೆ 4 ಗಂಟೆ 40 ನಿಮಿಷ 20 ಸೆಕೆಂಡ್. ಎಲ್ಲರೂ 1970ರಿಂದಲೇ ಎಣಿಸುವುದಿಲ್ಲ. ವಿಂಡೋಸ್ ಹಾರ್ಡ್‌ಡಿಸ್ಕ್‌ನ ಎನ್‌ಟಿಎಫ್‌ಎಸ್ ಪದ್ಧತಿ 1601ರಿಂದ ಎಣಿಸುತ್ತದೆ. ಅಂದರೆ ಕಿತ್ತೂರಿನ ಮೊದಲ ಯುದ್ಧದ ದಿನವಾದ 1824ರ ಅಕ್ಟೋಬರ್ 23ಕ್ಕೂ ಅದರ ಪಂಚಾಂಗದಲ್ಲಿ ಜಾಗವಿದೆ. ಹೆಚ್ಚಿನ ಪೆನ್‌ಡ್ರೈವ್‌ಗಳಲ್ಲಿರುವ ಫ್ಯಾಟ್ ಪದ್ಧತಿಗೆ ಮಾತ್ರ 1980ಕ್ಕಿಂತ ಹಿಂದೆ ಜಗತ್ತೇ ಇಲ್ಲ.

ಪ್ರೋಗ್ರಾಂ 23 ಸಾಲು ಮುದ್ರಿಸಿತು. ನೋಡುತ್ತಿದ್ದಂತೆ ಮುಖ ಬಿಸಿಯಾಯಿತು. 'ಕ್ರಿಯೇಟೆಡ್' ಕಾಲಂನಲ್ಲಿ ಇಪ್ಪತ್ಮೂರಕ್ಕೆ ಇಪ್ಪತ್ಮೂರೂ ಜನವರಿ 12, ಬೆಳಿಗ್ಗೆ, ಕೆಲವೇ ಸೆಕೆಂಡುಗಳ ಅಂತರದಲ್ಲಿ. ಅದು ಯಾರೂ ಪ್ರಬಂಧ ಬರೆದ ಸಮಯವಲ್ಲ, ನಾನು ಕಾಪಿ ಮಾಡಿದ ಸಮಯ. ವಿಂಡೋಸ್‌ನಲ್ಲಿ ಫೈಲನ್ನು ಒಂದು ಡಿಸ್ಕ್‌ನಿಂದ ಇನ್ನೊಂದಕ್ಕೆ ಕಾಪಿ ಮಾಡಿದಾಗ ಹೊಸ ಜಾಗದಲ್ಲಿ ಹೊಸ ಫೈಲ್ ಹುಟ್ಟುತ್ತದೆ, ಆದ್ದರಿಂದ 'ಕ್ರಿಯೇಟೆಡ್' ಹೊಸದಾಗುತ್ತದೆ. ಒಳಗಿನ ಬರಹವನ್ನು ಯಾರೂ ಮುಟ್ಟಿಲ್ಲವಾದ್ದರಿಂದ 'ಮಾಡಿಫೈಡ್' ಹಳೆಯದೇ ಉಳಿಯುತ್ತದೆ. ಒಗಟು ಇಷ್ಟೇ. ಒಂದೇ ಫೈಲ್ ನೋಡಿದಾಗ ಕಳ್ಳತನದಂತೆ ಕಂಡದ್ದು, ಇಡೀ ಫೋಲ್ಡರ್ ಸಾಲಾಗಿ ನಿಂತಾಗ ನನ್ನದೇ ಕೈಯ ಗುರುತಾಯಿತು.

ಇನ್ನೊಂದು ತಮಾಷೆಯೂ ಕಂಡಿತು. ಪೆನ್‌ಡ್ರೈವ್‌ನಿಂದ ಬಂದ ಫೈಲ್‌ಗಳ 'ಮಾಡಿಫೈಡ್' ಸೆಕೆಂಡುಗಳೆಲ್ಲ ಸಮ ಸಂಖ್ಯೆ: 20, 46, 02, 38. ಒಂದೂ ಬೆಸ ಇಲ್ಲ. ಫ್ಯಾಟ್ ಪದ್ಧತಿ ಈ ಸಮಯವನ್ನು ಎರಡೆರಡು ಸೆಕೆಂಡಿನ ಹೆಜ್ಜೆಯಲ್ಲಿ ಬರೆದಿಡುತ್ತದೆ, ಜಾಗ ಉಳಿಸಲು. ಇದರಿಂದ ಉಪಯೋಗವೇನು ಎಂದು ಕೇಳಬೇಡಿ, ನನಗೆ ಖುಷಿಯಾಯಿತು.

ಹಾಗಾದರೆ 'ಮಾಡಿಫೈಡ್' ನಂಬಿದರೆ ಸಾಕೇ? ಅದೂ ಸಾಲದು. ನಾಲ್ಕು ಫೈಲ್‌ಗಳಲ್ಲಿ ಅದು ಜನವರಿ 11 ಎಂದಿತ್ತು. ಆ ನಾಲ್ವರು ಶನಿವಾರ ರಾತ್ರಿ ವಾಟ್ಸಾಪ್‌ನಲ್ಲಿ ಕಳಿಸಿದ್ದರು, ನಾನು ಇಳಿಸಿಕೊಂಡದ್ದು ಭಾನುವಾರ. ಇಳಿಸಿಕೊಂಡ ಸಮಯವೇ ಅಲ್ಲಿ ಬಂದು ಕೂತಿತ್ತು. ಇನ್ನೆರಡು ಫೈಲ್‌ಗಳು 2010ನೇ ಇಸವಿಯವು! ಮನೆಯ ಹಳೆಯ ಕಂಪ್ಯೂಟರಿನಲ್ಲಿ ಬರೆದವು ಅವು. ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಬ್ಯಾಟರಿ ಸತ್ತರೆ, ಕರೆಂಟ್ ಹೋದಾಗಲೆಲ್ಲ ಯಂತ್ರದ ಗಡಿಯಾರ ಹಿಂದಕ್ಕೆ ಹೋಗಿ ಕೂರುತ್ತದೆ. ಫೈಲ್ ಆ ಗಡಿಯಾರ ಹೇಳಿದ್ದನ್ನೇ ಬರೆದುಕೊಳ್ಳುತ್ತದೆ, ಪಾಪ.

ಇಷ್ಟಾದ ಮೇಲೆ ಉಳಿದದ್ದು ಫೈಲ್‌ನ ಒಳಗಿನ ಸಾಕ್ಷಿ. ವರ್ಡ್‌ನ 'ಡಾಕ್ಸ್' ಫೈಲ್ ನಿಜಕ್ಕೂ ಒಂದು ಝಿಪ್ ಗಂಟು ಎಂಬುದು ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ. ಪೈಥಾನ್‌ನ 'ಝಿಪ್‌ಫೈಲ್' ಮಾಡ್ಯೂಲ್‌ನಿಂದ ಬಿಚ್ಚಿದರೆ ಒಳಗೆ 'ಡಾಕ್‌ಪ್ರಾಪ್ಸ್' ಎಂಬ ಫೋಲ್ಡರ್, ಅದರಲ್ಲಿ 'ಕೋರ್' ಎಂಬ ಚಿಕ್ಕ ಎಕ್ಸ್‌ಎಂಎಲ್ ಫೈಲ್. ಬರಹ ಶುರುವಾದ ಸಮಯ, ಕೊನೆಗೆ ಸೇವ್ ಮಾಡಿದ ಸಮಯ, ಲೇಖಕರ ಹೆಸರು, ಕೊನೆಗೆ ಸೇವ್ ಮಾಡಿದವರ ಹೆಸರು ಎಲ್ಲ ಅಲ್ಲಿರುತ್ತದೆ. ಕಾಪಿ ಮಾಡಿದರೂ ವಾಟ್ಸಾಪ್‌ನಲ್ಲಿ ಹೋದರೂ ಇದು ಬದಲಾಗುವುದಿಲ್ಲ, ಏಕೆಂದರೆ ಇದು ಡಿಸ್ಕ್ ಇಟ್ಟ ಲೆಕ್ಕವಲ್ಲ, ಫೈಲ್ ತನ್ನ ಹೊಟ್ಟೆಯಲ್ಲೇ ಹೊತ್ತುಕೊಂಡ ಲೆಕ್ಕ.

ಗೆಳೆಯನ ಫೈಲ್ ಬಿಚ್ಚಿದೆ. ಶುರು: ಜನವರಿ 7, 10:50. ಕೊನೆ: ಜನವರಿ 8, 11:10. ಅಯ್ಯೋ, ಆ ಹೊತ್ತಿಗೆ ಅವನು ನನ್ನ ಪಕ್ಕದಲ್ಲೇ ಕ್ಲಾಸಿನಲ್ಲಿ ಕೂತಿದ್ದನಲ್ಲ! ಮತ್ತೊಮ್ಮೆ ತಪ್ಪು ತಿಳಿಯುವುದಿತ್ತು. ಸಮಯದ ಕೊನೆಗೆ ಒಂದು 'ಝಡ್' ಅಕ್ಷರ ಇತ್ತು, ಅಂದರೆ ಗ್ರೀನಿಚ್ ಸಮಯ. ಐದೂವರೆ ತಾಸು ಕೂಡಿಸಬೇಕು. ಆಗ ಬುಧವಾರ ಸಂಜೆ 4:20, ಗುರುವಾರ ಸಂಜೆ 4:40. ಕಾಲೇಜು ಬಿಟ್ಟ ಮೇಲೆ, ಬಸ್ಸಿಗೆ ಮುಂಚೆ. ಬಸ್ ಸ್ಟ್ಯಾಂಡ್ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಕೂತು ಎರಡು ದಿನ ಟೈಪ್ ಮಾಡಿದ್ದಾನೆ. ಆ 'ಲೇಖಕ'ನ ಹೆಸರು ಅಂಗಡಿಯವರದು. ವರ್ಡ್ ಯಾರ ಹೆಸರಿನಲ್ಲಿ ಹಾಕಿಸಿರುತ್ತಾರೋ ಅವರನ್ನೇ ಎಲ್ಲ ಬರಹಗಳ ಲೇಖಕ ಎಂದು ಅದು ಬರೆದುಬಿಡುತ್ತದೆ. ಬೇರೆ ಫೈಲ್‌ಗಳಲ್ಲಿ 'ಅಡ್ಮಿನ್', 'ಯೂಸರ್', 'ಪಿಸಿ' ಎಂಬ ಲೇಖಕರೂ ಇದ್ದರು. ಸಂಪಾದಕ ಮಂಡಳಿಯ ಪರವಾಗಿ ನಾನು ಬರೆದ ಮುನ್ನುಡಿಯ ಲೇಖಕರು ನನ್ನ ಮಾಮು, ಏಕೆಂದರೆ ಲ್ಯಾಪ್‌ಟಾಪ್ ಅವರದು.

ಗಾತ್ರದ ಬಗ್ಗೆಯೂ ಒಂದು ಮಾತು. ಪ್ರೋಗ್ರಾಂ ಗಾತ್ರವನ್ನು ಬೈಟ್‌ಗಳಲ್ಲಿ ಕೊಡುತ್ತದೆ. ಎರಡು ಫೈಲ್‌ಗಳ ಗಾತ್ರ ಒಂದು ಬೈಟೂ ವ್ಯತ್ಯಾಸವಿಲ್ಲದೆ ಒಂದೇ ಇತ್ತು. ತೆರೆದರೆ ಒಬ್ಬಳೇ ಎರಡು ಸಲ ಕಳಿಸಿದ ಒಂದೇ ಪ್ರಬಂಧ. ಈ ಸಲ ಮೊದಲು ತೆರೆದು ನೋಡಿದೆ, ಆಮೇಲೆ ಬಾಯಿ ತೆರೆದೆ.

ಫೋಟೋಗಳಲ್ಲಿ ಇದಕ್ಕಿಂತ ಹೆಚ್ಚಿನ ಸಂಗತಿ ಇರುತ್ತದೆ. ಫೋನ್‌ನ ಕ್ಯಾಮೆರಾದಲ್ಲಿ ಲೊಕೇಶನ್ ಚಾಲೂ ಇದ್ದರೆ, ಫೋಟೋ ತೆಗೆದ ಜಾಗದ ಅಕ್ಷಾಂಶ ರೇಖಾಂಶಗಳು ಫೈಲ್‌ನೊಳಗೆ ಕೂತಿರುತ್ತವೆ. ವಾಟ್ಸಾಪ್‌ನಲ್ಲಿ ಫೋಟೋ ಎಂದೇ ಕಳಿಸಿದರೆ ಅವು ಕಳಚಿಹೋಗುತ್ತವೆ, 'ಡಾಕ್ಯುಮೆಂಟ್' ಎಂದು ಕಳಿಸಿದರೆ ಹಾಗೇ ಹೋಗುತ್ತವೆ. ಮನೆಯಲ್ಲಿ ತೆಗೆದ ಫೋಟೋ ಅಪರಿಚಿತರಿಗೆ ಕಳಿಸುವ ಮುಂಚೆ, ಮುಖ್ಯವಾಗಿ ನಮ್ಮ ಸಹೋದರಿಯರು, ಇದನ್ನು ಗಮನಿಸಬೇಕು.

ಕೊನೆಗೆ ಒಂದು ಪ್ರಯೋಗ ಮಾಡಿದೆ. 'ಓಎಸ್' ಮಾಡ್ಯೂಲ್‌ನಲ್ಲಿ 'ಯುಟೈಮ್' ಎಂಬ ಫಂಕ್ಷನ್ ಇದೆ. ಒಂದೇ ಸಾಲಿನಲ್ಲಿ ನನ್ನ ಮುನ್ನುಡಿಯ 'ಮಾಡಿಫೈಡ್' ದಿನಾಂಕವನ್ನು 2001ಕ್ಕೆ ತಿರುಗಿಸಿತು. ನಾನು ಹುಟ್ಟುವ ಮೊದಲೇ ನನ್ನ ಮುನ್ನುಡಿ ತಯಾರು! ಒಳಗಿನ 'ಕೋರ್' ಫೈಲನ್ನೂ ಬಲ್ಲವರು ತಿದ್ದಬಹುದು. ಹೀಗಿರುವಾಗ ಈ ದಿನಾಂಕಗಳಿಂದ ಯಾರ ಮೇಲೂ ತೀರ್ಪು ಕೊಡಲಾಗದು. ಆದರೆ ನನ್ನ ಪ್ರಶ್ನೆ ತಪ್ಪಾಗಿತ್ತು ಎಂದು ತೋರಿಸಲು ಅವು ಸಾಕಾದವು.

ಶುಕ್ರವಾರ ಜುಮಾ ನಮಾಜ್ ಮುಗಿದ ಮೇಲೆ ಆ ನಾಲ್ವರನ್ನೇ ಲ್ಯಾಬ್‌ಗೆ ಕರೆದೆ, ಗೆಳೆಯನನ್ನೂ ಕರೆದೆ. ಪ್ರೋಗ್ರಾಂ ಓಡಿಸಿ 23 ಸಾಲುಗಳನ್ನೂ ತೋರಿಸಿ, ಎಲ್ಲರೆದುರು ಮಾಫಿ ಕೇಳಿದೆ. ಅವನು ಪರದೆಯನ್ನು ಮೇಲಿನಿಂದ ಕೆಳಗೆ ನಿಧಾನವಾಗಿ ಓದಿದ. ನನ್ನ ಮುನ್ನುಡಿಯ ಸಾಲಿಗೆ ಬಂದು ನಿಂತ.

"ಅಲ್ಲೋ, ಈ ಮುನ್ನುಡಿ ನಿಮ್ಮ ಮಾಮು ಬರದಾರಲ್ಲ" ಅಂದ. "ಅವರನ್ನ ಕರಿ ಮೊದಲ, ಒಂದಿಷ್ಟು ಕೇಳೋದೈತಿ."