ಲಾಲ್‌ಬಾಗ್ ಓದೋಕೆ ಒಂದು ಮಸೂರ ಸಾಕಲ್ವಾ?

ಸರ್ಕಾರಿ ಶಾಲೆಗಳ ವಿಜ್ಞಾನ ಪಾಠದ ಬಗ್ಗೆ ಕೇಳಿದರೆ "ಲ್ಯಾಬ್ ಎಲ್ಲಿದೆ?" ಅನ್ನೋ ಮರುಪ್ರಶ್ನೆ ಬರುತ್ತದೆ. ಲ್ಯಾಬ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಸ್ಯವಿಜ್ಞಾನದ ಕೆಲವು ದೊಡ್ಡ ಶೋಧಗಳು ನಡೆದದ್ದು ಒಂದೇ ಒಂದು ಮಸೂರದಿಂದ.

ಹಳೆಯ ಸರಳ ಸೂಕ್ಷ್ಮದರ್ಶಕ ಅಂದ್ರೆ ಇಷ್ಟೇ: ಹಿತ್ತಾಳೆಯ ಪುಟ್ಟ ಕಂಬ, ಒಂದು ಮಸೂರ, ಬೆಳಕು ತಿರುಗಿಸಲು ಕೆಳಗೊಂದು ಕನ್ನಡಿ. ಲೆಕ್ಕವೂ ಸುಲಭ. 250 ಮಿಲಿಮೀಟರನ್ನು ಮಸೂರದ ಸಂಗಮ ದೂರದಿಂದ ಭಾಗಿಸಿ. ಸಂಗಮ ದೂರ 10 ಮಿ.ಮೀ. ಇದ್ದರೆ ವಸ್ತು 25 ಪಟ್ಟು ದೊಡ್ಡದಾಗಿ ಕಾಣುತ್ತದೆ, 1 ಮಿ.ಮೀ. ಇದ್ದರೆ 250 ಪಟ್ಟು. ತೊಂದರೆ ಏನಪ್ಪಾ ಅಂದ್ರೆ, ಕಣ್ಣನ್ನು ಮಸೂರಕ್ಕೆ ಅಂಟಿಸಿಕೊಂಡಂತೆ ಕೂರಬೇಕು, ಕಾಣುವ ಜಾಗವೂ ಚಿಕ್ಕದು.

1827ರಲ್ಲಿ ರಾಬರ್ಟ್ ಬ್ರೌನ್ ಪರಾಗದೊಳಗಿನ ಕಣಗಳು ನೀರಿನಲ್ಲಿ ಕುಣಿಯುವುದನ್ನು ನೋಡಿದ್ದು ಸುಮಾರು 0.8 ಮಿ.ಮೀ. ಸಂಗಮ ದೂರದ ಒಂಟಿ ಮಸೂರದಲ್ಲಿ. ನಮ್ಮ ಪಠ್ಯಪುಸ್ತಕದ 'ಬ್ರೌನಿಯನ್ ಚಲನೆ' ಅದೇ. ಆಗಿನ ಎರಡು ಮಸೂರದ ಯಂತ್ರಗಳಲ್ಲಿ ಅಂಚುಗಳಿಗೆ ಬಣ್ಣ ಕಟ್ಟಿ ಚಿತ್ರ ಮಸುಕಾಗುತ್ತಿತ್ತು. 1830ರ ನಂತರವೇ ಆ ದೋಷ ಸರಿಹೋಗತೊಡಗಿದ್ದು.

ನೋಡಿದವರು ಯಾರು, ಹೆಸರು ಯಾರದ್ದು?

ಸಲಕರಣೆ ಸರಳ ಇತ್ತು, ಆದರೆ ಎಲ್ಲರ ಕೈಗೆ ಸಿಗಲಿಲ್ಲ. ಹೈದರ್ ಅಲಿ 1760ರಲ್ಲಿ ಶುರು ಮಾಡಿದ ಲಾಲ್‌ಬಾಗ್, 1799ರಲ್ಲಿ ಟಿಪ್ಪು ಮಡಿದ ಮೇಲೆ ಕಂಪನಿಯ ಸಸ್ಯತಜ್ಞ ಬೆಂಜಮಿನ್ ಹೇಯ್ನ್ ಸುಪರ್ದಿಗೆ ಹೋಯಿತು. ನಮ್ಮ ನಂದಿಬಟ್ಟಲಿನ ಹತ್ತಿರದ ನೆಂಟನಾದ ಪಶ್ಚಿಮ ಘಟ್ಟದ ಒಂದು ಮರಕ್ಕೆ ಕೊಟ್ಟ ಲ್ಯಾಟಿನ್ ಹೆಸರೊಂದರಲ್ಲಿ ಹೇಯ್ನ್ ಇದ್ದಾನೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ಲಾಲ್‌ಬಾಗ್‌ನ ಗಿಡಗಳ ಚಿತ್ರ ಬರೆದ ಚೆಲುವಯ್ಯ ರಾಜು ಅವರ ಹೆಸರು ಪಕ್ಕದ ಜಯನಗರದಲ್ಲಿ ಎಷ್ಟು ಜನಕ್ಕೆ ಗೊತ್ತು? ಗಿಡ ನಮ್ಮದು, ಕುಂಚ ನಮ್ಮದು, ಹೆಸರಿಡುವ ಅಧಿಕಾರ ಮಾತ್ರ ಬೇರೆಯವರದ್ದಾಗಿತ್ತು.

ಇವತ್ತು ಆ ನೆಪ ಉಳಿದಿಲ್ಲ. ಸ್ಟ್ಯಾನ್‌ಫರ್ಡ್‌ನಲ್ಲಿ ಮನು ಪ್ರಕಾಶ್ ತಂಡ ರೂಪಿಸಿದ ಕಾಗದದ 'ಫೋಲ್ಡ್‌ಸ್ಕೋಪ್' ಕೂಡ ಒಂಟಿ ಮಸೂರದ್ದೇ. 2014ರಲ್ಲಿ ಅವರು ಕೊಟ್ಟ ಲೆಕ್ಕದಂತೆ ಬಿಡಿಭಾಗಗಳ ಖರ್ಚು ಒಂದು ಡಾಲರ್‌ಗಿಂತ ಕಡಿಮೆ. ಸುಮಾರು 140 ಪಟ್ಟು ಹಿಗ್ಗಿಸುವ ಮಾದರಿಯಲ್ಲಿ ಈರುಳ್ಳಿ ಸಿಪ್ಪೆಯ ಕೋಶಗಳು, ಎಲೆಯ ಪತ್ರರಂಧ್ರಗಳು ಚೆನ್ನಾಗಿ ಕಾಣುತ್ತವೆ.

ಹಾಗಾಗಿ ಬಜೆಟ್ ಚರ್ಚೆಯಲ್ಲಿ ಸ್ಮಾರ್ಟ್ ಕ್ಲಾಸ್ ಎಷ್ಟು ಅಂತ ಕೇಳುವಾಗ ಇದನ್ನೂ ಕೇಳೋಣ: ಬೀರುವಿನಲ್ಲಿ ಬೀಗ ಹಾಕಿಟ್ಟ ಒಂದು ಮೈಕ್ರೋಸ್ಕೋಪ್ ಬದಲು, ಪ್ರತಿ ಮಗುವಿನ ಬ್ಯಾಗಿನಲ್ಲೂ ಒಂದು ಮಸೂರ ಯಾಕಿರಬಾರದು?